ಹುಳ ತಿಂದ ಕೂರ್ಮಾವತಾರ

ಸೌತೆಕಾಯಿ ತಿನ್ನುವಾಗಲೂ ಹುಳ ತಿನ್ನುವಾಗಲೂ ಆಮೆಯ ಮುಖ ಒಂದೇ ತೆರನಾಗಿರುತ್ತದೆ. ನಂಬಿಕೆಯಿಲ್ಲದಿದ್ದರೆ ನೀವೂ ಒಂದು ಸಾಕಿ ನೋಡಬಹುದು. ನಾನು ಕಂಡದ್ದು ಕಾಚಿಗೂಡದ ನಮ್ಮ ಹಿತ್ತಲಲ್ಲಿ, ಏಕಾದಶಿಯ ಬೆಳಿಗ್ಗೆ, ಚಹಾ ಕುಡಿಯುತ್ತ. ಕಂಡದ್ದರಲ್ಲಿ ಅನುಮಾನವಿಲ್ಲ. ಕುಂಡದ ಬುಡದಲ್ಲಿ ಮೊದಲು ಒಂದು ಬಸವನಹುಳ ಇತ್ತು, ಆಮೇಲೆ ಇರಲಿಲ್ಲ.

ಆಮೆ ನನ್ನ ಮಗಳದು. ಗಚ್ಚಿಬೌಲಿಯಲ್ಲಿ ಅವಳ ಮನೆ ಮಾಲೀಕರು ಒಪ್ಪದ್ದರಿಂದ ನಮ್ಮಲ್ಲಿಗೆ ಬಂತು. ನನಗೆ ಅದು ಕಾಲ ಮೇಲೆ ಕೆಂಪು ಚುಕ್ಕೆಗಳಿರುವ ಒಂದು ಪ್ರಾಣಿ. ನಮ್ಮೊಡನಿರುವ ನನ್ನ ಅಕ್ಕನಿಗೆ ಸಾಕ್ಷಾತ್ ಕೂರ್ಮಾವತಾರ. ದೇವರಕೋಣೆಯ ಹೊಸ್ತಿಲ ಪಕ್ಕ ಅದರ ಜಾಗ, ದಿನವೂ ನೈವೇದ್ಯದ ಪಪ್ಪಾಯಿ, ಏಕಾದಶಿಗೆ ಉಪವಾಸ. ಮಂದರ ಪರ್ವತ ಹೊತ್ತವನಿಗೆ ಒಂದು ದಿನದ ಹಸಿವು ಯಾವ ಲೆಕ್ಕ ಎಂಬುದು ಅವಳ ವಾದ. ಅಕ್ಕ ಕಟ್ಟುನಿಟ್ಟಿನವಳು, ಕಠೋರಳಲ್ಲ. ಎದುರು ಮನೆಯವರು ಮಾಂಸದ ಹಲೀಮ್ ಮಾಡಿದ ದಿನ ಕಿಟಕಿ ಮುಚ್ಚಿ, ಮರುದಿನ ಅದೇ ಕಿಟಕಿಯಿಂದ ಅವರಿಗೆ ಹೋಳಿಗೆ ಕೊಟ್ಟು ಬಾಳಿದವಳು.

ಆದರೆ ಆಮೆ ಸೊರಗುತ್ತಿತ್ತು. ಸ್ವಲ್ಪ ನಡೆದು ಕೂತುಬಿಡುತ್ತಿತ್ತು. ಅಬಿಡ್ಸಿನ ಪಶುವೈದ್ಯರಲ್ಲಿಗೆ ಒಯ್ದೆವು. ಎಷ್ಟೋ ಆಮೆಗಳಿಗೆ ಸೊಪ್ಪೇ ಸಾಕು, ಮಾಂಸ ಹಾಕಿದರೆ ಕೆಡುಕು; ಈ ಜಾತಿಗೆ ಮಾತ್ರ ಸೊಪ್ಪು ಹಣ್ಣುಗಳ ಜೊತೆ ಆಗೊಮ್ಮೆ ಈಗೊಮ್ಮೆ ಹುಳವೂ ಬೇಕು, ಇಲ್ಲದಿದ್ದರೆ ಇದು ಚೇತರಿಸುವುದು ಕಷ್ಟ ಎಂದು ಅವರು ತೆಲುಗಿನಲ್ಲಿ ಹೇಳಿದರು.

“ತೊಗರಿಬ್ಯಾಳಿ ನಡ್ಯಂಗಿಲ್ಲೇನ್ ಕೇಳೋ,” ಎಂದು ಅಕ್ಕ ನನ್ನನ್ನು ತಿವಿದಳು. ಕೇಳಿದೆ. ನಡೆಯುವುದಿಲ್ಲವಂತೆ.

ಮರಳುವಾಗ ಆಟೋದಲ್ಲಿ, ಏಕಾದಶಿಯಂದು ಕಂಡದ್ದನ್ನು ಹೇಳಿದೆ.

“ನನ್ನ ಮುಂದ ಉಪವಾಸ, ಹಿಂದ ಇಂಥಾ ಕೆಲಸ! ನಾಳೆನ ನಿನ್ನ ಮಗಳಿಗೆ ಒಪ್ಪಿಸಿಬಿಡು. ಹುಳ ಹಾಕೋ ಮಂದಿಗೆ ಯಾರಿಗರ ಕೊಡ್ಲಿ,” ಎಂದಳು. ಬುಟ್ಟಿಯನ್ನು ಮಾತ್ರ ತೊಡೆಯಿಂದ ಇಳಿಸಲಿಲ್ಲ.

“ಮತ್ಸ್ಯಾವತಾರದಾಗ ಏನು ತಿಂದಿದ್ದನೋ, ಅಕ್ಕಾ?”

“ಹಂಗಾರ ನರಸಿಂಹನ ಸುದ್ದಿನೂ ತೆಗಿ. ಸುಮ್ನ ಕೂಡು.”

ಮಾರನೆಯ ಬೆಳಿಗ್ಗೆ ನಾನು ಮಗಳಿಗೆ ಫೋನ್ ಮಾಡುವ ಮೊದಲೇ ಅಕ್ಕ ಹಿತ್ತಲಲ್ಲಿದ್ದಳು. ಆಮೆಯನ್ನು ತುಳಸಿಯಿಂದ ದೂರ, ಬಸವನಹುಳಗಳಿರುವ ಕುಂಡಗಳ ಹತ್ತಿರ ಬಿಟ್ಟು, ತಾನು ಗೋಡೆಗೆ ಮುಖ ಮಾಡಿ, ಸೆರಗು ಬಾಯಿಗೊತ್ತಿ ನಿಂತಳು. ನಾನು ಚಹಾ ಹಿಡಿದು ನೋಡುತ್ತಿದ್ದೆ. ಆಮೆಯ ಕುತ್ತಿಗೆ ಮೆಲ್ಲಗೆ ಮುಂದೆ ಚಾಚಿತು. ಅದರ ಮುಖ ಅಂದಿನಂತೆಯೇ ಇತ್ತು. ಕುಂಡದ ಬುಡದಲ್ಲಿ ಒಂದು ಹುಳ ಕಡಿಮೆಯಾಯಿತು.

“ಆತೇನೋ ಅವಂದು?” ಅಕ್ಕ ಗೋಡೆಯನ್ನೇ ಕೇಳಿದಳು.

“ಆತು.”

“ಬಾಯಿ ತೊಳಿಸಿ ಒಳಗ ತಾ. ಪಪ್ಪಾಯಿ ಹೆಚ್ಚೀನಿ.”