ಸುಟ್ಟ ಪ್ಲೇಟುಗಳ ಚೀಲ ಹೊತ್ತು ಮೂರು ದಿನ

ಕೂಡ್ಲಿಗಿಯಿಂದ ಕೊಟ್ಟೂರಿಗೆ ಹೋಗುವ ಬೆಳಗಿನ ಮೊದಲ ಬಸ್ಸು ಹತ್ತಿದಾಗ ನನ್ನ ಕೈಯಲ್ಲಿ ಎರಡು ಚೀಲಗಳಿದ್ದವು. ಒಂದರಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಒಂದು ಜೊತೆ ಬಟ್ಟೆ. ಇನ್ನೊಂದರಲ್ಲಿ ಒಂಬತ್ತು ಸುಟ್ಟ ಪ್ಲೇಟುಗಳು. ಊಟದ ತಾಟಿಗಿಂತ ಸ್ವಲ್ಪ ಚಿಕ್ಕವು, ನಡುವೆ ದೊಡ್ಡ ತೂತು. ಕ್ರಮ ತಪ್ಪಬಾರದೆಂದು ಹಗ್ಗಕ್ಕೆ ಪೋಣಿಸಿ ಕಟ್ಟಿದ್ದೆ. ಬಸ್ಸು ಊರು ದಾಟುವುದರೊಳಗೆ ಅವುಗಳ ಸುಟ್ಟ ವಾಸನೆ ಮುಂದಿನ ಸೀಟಿನವರೆಗೂ ಹೋಯಿತು.

"ಏನ್ರಿ ಯಜಮಾನ್ರ, ಚೀಲದಾಗ ಏನು ಸುಟಗೊಂಡು ಹೊಂಟೀರಿ?" ಎಂದ ಕಂಡಕ್ಟರ್.

"ಗೇರ್ ಬಾಕ್ಸಪ್ಪಾ," ಎಂದೆ. ಅವನು ನಗುತ್ತ ಎರಡು ರೂಪಾಯಿ ಚಿಲ್ಲರೆಯ ಟಿಕೆಟ್ ಹರಿದು ಕೊಟ್ಟ. ಲಗೇಜು ಹಾಕಲಿಲ್ಲ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಸಂಡೂರಿನ ಕಡೆಯ ಗಣಿಯೊಂದರ ಹರಾಜಿನಲ್ಲಿ ನಾನೊಂದು ಹಳೆಯ ಫಾರಿನ್ ಲಾರಿ ಹಿಡಿದಿದ್ದೆ. ಅದಕ್ಕೆ ಕ್ಲಚ್ ಪೆಡಲೇ ಇರಲಿಲ್ಲ. ಬ್ರೇಕು, ಆಕ್ಸಿಲೇಟರು ಎರಡೇ. ಗೇರು ತಾನಾಗಿಯೇ ಬದಲಾಗುತ್ತಿತ್ತು. ಊರವರು ಅದಕ್ಕೆ ಸೋಮಾರಿ ಲಾರಿ ಎಂದು ಹೆಸರಿಟ್ಟರು. ಓಡಿಸುತ್ತಿದ್ದವನು ನನ್ನ ಹೆಂಡತಿ ಗೌರಮ್ಮನ ತಮ್ಮ ಕೊಟ್ರೇಶಿ. ಮೂವತ್ತು ದಾಟಿದವನು, ಕೈ ಒಳ್ಳೆಯದು, ಆದರೆ ಎಣ್ಣೆಯ ವಿಷಯದಲ್ಲಿ ದುಂದು. ಮಧ್ಯಾಹ್ನ ಗೇರ್ ಬಾಕ್ಸಿಗೆ ಎಣ್ಣೆ ಸುರಿಯುವನು. ಮರುದಿನ ಬೆಳಿಗ್ಗೆ ನಾನು ಎಣ್ಣೆ ಅಳೆಯುವ ಕಡ್ಡಿ ಎಳೆದು ನೋಡಿದರೆ ಗೆರೆಗಿಂತ ನಾಲ್ಕು ಬೆರಳು ಹೆಚ್ಚು. ಕೆಳಗೆ ಡಬ್ಬಿ ಇಟ್ಟು ನಟ್ಟು ಸಡಿಲಿಸಿ ಹೆಚ್ಚಿನದನ್ನು ನಾನೇ ತೆಗೆಯುತ್ತಿದ್ದೆ.

ಆರು ತಿಂಗಳಲ್ಲಿ ಲಾರಿ ಏರು ಹತ್ತದಾಯಿತು. ಎಂಜಿನ್ ಕೂಗುತ್ತದೆ, ಗಾಲಿ ತಿರುಗುವುದಿಲ್ಲ. ನಾನು ಕೂಡ್ಲಿಗಿ ಬಸ್ ಸ್ಟ್ಯಾಂಡಿನ ಚಹಾದ ಹೋಟೆಲಿನಲ್ಲಿ, ಹತ್ತು ಮಂದಿಯ ಮುಂದೆ, ಕೊಟ್ರೇಶಿಯನ್ನು ಹಿಡಿದು ಝಾಡಿಸಿದೆ. ಕ್ಲಚ್ ಒತ್ತಿ ರೂಢಿಯಾದ ಎಡಗಾಲನ್ನು ಸುಮ್ಮನಿಡಲಾರದೆ ಬ್ರೇಕಿನ ಮೇಲಿಟ್ಟುಕೊಂಡೇ ಓಡಿಸಿ ನೀನೇ ಗೇರ್ ಬಾಕ್ಸು ಸುಟ್ಟೆ ಎಂದೆ. ಅನ್ನ ಹಾಕುವ ಗಾಡಿಗೆ ಕೊಳ್ಳಿ ಇಟ್ಟವನು ಎಂದೂ ಅಂದೆ. ಅವನು ಅರ್ಧ ಕುಡಿದ ಚಹಾ ಅಲ್ಲೇ ಇಟ್ಟು ಎದ್ದು ಹೋದ. ಮೂರು ದಿನದ ಮೇಲೆ ಹರಪನಹಳ್ಳಿ ಕಡೆಯ ತೆಲಿಗಿಯಲ್ಲಿ ಯಾರದೋ ಟ್ರ್ಯಾಕ್ಟರ್ ಓಡಿಸುತ್ತಿದ್ದಾನೆ ಎಂದು ಸುದ್ದಿ ಬಂತು. ಗೌರಮ್ಮ ಜಗಳವಾಡಲಿಲ್ಲ. ರೊಟ್ಟಿ ಬಡಿಸುವಳು, ನೀರಿಡುವಳು, ಮಾತಿಲ್ಲ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅಷ್ಟು ಸದ್ದಿಲ್ಲದ ಮನೆಯನ್ನು ನಾನು ಕಂಡಿರಲಿಲ್ಲ.

ಗೇರ್ ಬಾಕ್ಸನ್ನು ಅಂಗಳದಲ್ಲೇ ಇಳಿಸಿದೆ. ಮೂರು ತೊಲೆ ನಿಲ್ಲಿಸಿ ಚೈನ್ ಪುಲ್ಲಿ ಕಟ್ಟಿ, ಬಿಚ್ಚಿದ್ದನ್ನೆಲ್ಲ ಗೌರಮ್ಮನ ಮೊರಗಳಲ್ಲಿ ಸಾಲಾಗಿ ಇಟ್ಟೆ. ಪಂಪ್‌ಸೆಟ್ಟುಗಳನ್ನು ಬಿಚ್ಚಿ ಜೋಡಿಸಿ ಪಳಗಿದ ಕೈ ನನ್ನದು, ಹೆದರಿಕೆ ಆಗಲಿಲ್ಲ. ಒಳಗಿನ ಪ್ಲೇಟುಗಳು ಸುಟ್ಟಿದ್ದವು ಅಷ್ಟೆ. ಅಂಥವು ಸಿಕ್ಕರೆ ನಾನೇ ಕೂಡಿಸಬಲ್ಲೆ ಎಂಬ ಧೈರ್ಯದಿಂದ ಹೊರಟಿದ್ದೆ.

ಕೊಟ್ಟೂರಿನಲ್ಲಿ ಇಳಿದಾಗ ಎಳೆಬಿಸಿಲು. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದು ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದೆ. ಅಂಗಡಿಯವರು ಪ್ಲೇಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಕ್ಲಚ್ ಪೆಡಲ್ ಇಲ್ಲದ ಗಾಡಿಗೆ ಇಷ್ಟು ಕ್ಲಚ್ ಪ್ಲೇಟಾ? ಮಗಳ ಇಲ್ಲದ ಮನ್ಯಾಗ ಒಂಬತ್ತು ಅಳಿಯಂದ್ರು ಇದ್ದಂಗಾತಲ್ರಿ!" ಎಂದು ನಕ್ಕರು. ಕೊನೆಗೆ, ಹಗರಿಬೊಮ್ಮನಹಳ್ಳಿಯಲ್ಲಿ ಇಮಾಮ್ ಸಾಬ್ ಎಂಬವರು ಸವೆದ ಪ್ಲೇಟಿಗೆ ಹೊಸ ಲೈನಿಂಗ್ ಅಂಟಿಸುತ್ತಾರೆ, ಅವರನ್ನು ಕೇಳಿ ಎಂದರು.

ಕೊಟ್ಟೂರಿನಿಂದ ರೈಲು ಹಿಡಿದೆ. ಸಣ್ಣ ಗೇಜಿನ ಪ್ಯಾಸೆಂಜರ್ ಅದು, ಯಾರಾದರೂ ಕೈ ಮಾಡಿದರೆ ನಿಂತೀತು ಎನ್ನುವ ವೇಗ. ಕಿಟಕಿಯಿಂದ ಬಂದ ಕಲ್ಲಿದ್ದಲ ಕಿಡಿ ಅಂಗಿಯ ತೋಳಿನಲ್ಲಿ ಒಂದು ತೂತು ಮಾಡಿತು. ಎರಡೂ ಕಡೆ ಜೋಳ ಕೊಯ್ದ ಹೊಲಗಳು. ಎದುರು ಕುಳಿತಿದ್ದ ಕೋಗಳಿಯ ಹೆಣ್ಣುಮಗಳು ತಮ್ಮನ ಮನೆಗೆ ಕುಪ್ಪಸದ ಬಟ್ಟೆ, ತಿನ್ನಲು ಅಳ್ಳಿಟ್ಟು ಒಯ್ಯುತ್ತಿದ್ದಳು. ತಮ್ಮನ ಗುಣಗಾನ ನಿಲ್ಲಲೇ ಇಲ್ಲ. ನಾನು ಕಿಟಕಿಯ ಕಡೆ ತಿರುಗಿ ಕುಳಿತೆ.

ಇಮಾಮ್ ಸಾಬರ ಕಾರ್ಖಾನೆ ಎಂದರೆ ಅವರ ಮನೆಯ ಹಿತ್ತಲು. ಬೇವಿನ ಮರದ ಕೆಳಗೆ ಬ್ರೇಕ್ ಶೂಗಳು ಸಾಲಾಗಿ ಒಣಗುತ್ತಿದ್ದವು. ಅವರು ಪ್ಲೇಟನ್ನು ಉಗುರಿನಿಂದ ಕೆರೆದರು, ಮೂಸಿದರು, ನನ್ನ ಮುಖ ನೋಡಿದರು.

"ಅಂಟಿಸಿ ಕೊಡಬಹುದ್ರಿ. ನಿಮ್ಮ ರೊಕ್ಕಾನೂ ತಗೋಬಹುದು. ಆದ್ರ ಇದು ಎಣ್ಣ್ಯಾಗ ಮುಳುಗಿ ತಿರಗೋ ಪ್ಲೇಟು. ನನ್ನ ಅಂಟು ಎಂಟು ದಿನಕ್ಕ ಬಿಡ್ತೈತಿ. ಆಮ್ಯಾಗ ನೀವು ನನ್ನ ಹೆಸರು ಹೇಳಿ ಬೈಕೋಂತ ಅಡ್ಡಾಡ್ತೀರಿ."

ಕೆಲಸ ಬೇಡವೆನ್ನುವ ಕೆಲಸಗಾರನನ್ನು ಕಂಡರೆ ನನಗೆ ಮೊದಲು ಸಿಟ್ಟು, ಆಮೇಲೆ ಗೌರವ. ಮಾಗಳದಲ್ಲಿ ಹವಾಲ್ದಾರ್ ದುರುಗಪ್ಪ ಎಂಬವರಿದ್ದಾರೆ, ಮಿಲಿಟರಿಯಲ್ಲಿ ಇಂಥವೇ ಗಾಡಿಗಳನ್ನು ರಿಪೇರಿ ಮಾಡಿ ನಿವೃತ್ತರಾದವರು ಎಂದು ಅವರೇ ದಾರಿ ತೋರಿಸಿದರು. ಚಹಾ ಕುಡಿಸದೆ ಬಿಡಲಿಲ್ಲ. ಸಂಜೆಯ ಬಸ್ಸಿಗೆ ಹಡಗಲಿ ಸೇರಿ, ಬಸ್ ಸ್ಟ್ಯಾಂಡಿನ ಎದುರಿನ ಖಾನಾವಳಿಯಲ್ಲಿ ಉಂಡು, ಅದರ ಮೇಲಿನ ಕೋಣೆಯಲ್ಲಿ ಮಲಗಿದೆ.

ಬೆಳಿಗ್ಗೆ ಮಾಗಳದ ಬಸ್ಸಿನ ಮಾಡಿನ ಮೇಲೆ ಮಲ್ಲಿಗೆ ಬುಟ್ಟಿಗಳು, ಒಳಗೆ ನನ್ನ ಚೀಲ. ಯಾವ ವಾಸನೆ ಗೆದ್ದಿತೆಂದು ಹೇಳಬೇಕಾಗಿಲ್ಲ. ಮಾಗಳದಲ್ಲಿ ಇಳಿದರೆ ತುಂಗಭದ್ರೆ ಬೇಸಿಗೆಗೆ ಸಣ್ಣಗಾಗಿ, ಬಂಡೆಗಳ ನಡುವೆ ಸಾವಕಾಶವಾಗಿ ಹರಿಯುತ್ತಿದ್ದಳು. ಮುಖ ತೊಳೆದುಕೊಂಡೆ. ನೀರು ಇನ್ನೂ ತಣ್ಣಗಿತ್ತು.

ಹವಾಲ್ದಾರರು ಅರವತ್ತರ ಆಸುಪಾಸಿನ, ಮೀಸೆ ಮಾತ್ರ ಇನ್ನೂ ನೌಕರಿಯಲ್ಲಿರುವ ಮನುಷ್ಯ. ಕಟ್ಟೆಯ ಮೇಲೆ ಗೋಣಿತಾಟು ಹಾಸಿ ನನ್ನ ಪ್ಲೇಟುಗಳನ್ನು ಒಂದೊಂದಾಗಿ ಬಿಸಿಲಿಗೆ ಇಟ್ಟರು.

"ಗಾಡಿ ಓಡ್ಸಾವ ಯಾರು?"

"ನಮ್ಮ ಮೈದುನ ಇದ್ದ. ಅವನ ಎಡಗಾಲು…"

"ಕಾಲಿನ ಮಾತು ಆಮ್ಯಾಗ. ಎಣ್ಣಿ ನೋಡಾವ ಯಾರು?"

"ನಾನರಿ," ಎಂದೆ. ಇದೊಂದು ಪ್ರಶ್ನೆಗೆ ನನ್ನಲ್ಲಿ ಹೆಮ್ಮೆಯ ಉತ್ತರವಿತ್ತು. ಬೆಳಿಗ್ಗೆ ಊದುಬತ್ತಿ ಹಚ್ಚಿ, ಎಂಜಿನ್ ಚಾಲೂ ಮಾಡುವ ಮೊದಲೇ ಕಡ್ಡಿ ಎಳೆದು, ಒರೆಸಿ, ಮತ್ತೆ ಇಳಿಸಿ, ಗೆರೆ ನೋಡಿ, ಹೆಚ್ಚಿದ್ದರೆ ತೆಗೆದು, ಒಂದು ದಿನವೂ ತಪ್ಪದೆ ಮಾಡಿದ್ದನ್ನೆಲ್ಲ ವಿವರವಾಗಿ ಹೇಳಿದೆ. ಅವರು ಕೊನೆಯವರೆಗೂ ಕೇಳಿದರು. ಆಮೇಲೆ ಎದ್ದು ಹೋಗಿ ಒಂದು ಬಕೆಟ್ ನೀರು, ಒಂದು ತಂಬಿಗೆ ತಂದು ನನ್ನ ಮುಂದೆ ಇಟ್ಟರು.

"ನೋಡ್ರಿ. ಎಂಜಿನ್ ನಡದಾಗ ಒಳಗಿನ ಪಂಪು ಎಣ್ಣಿ ಎಳಕೊಂಡು ಮ್ಯಾಲ ಹಿಡಕೊಂಡಿರ್ತೈತಿ," ಎಂದು ತಂಬಿಗೆ ತುಂಬಿ ಮೇಲೆತ್ತಿದರು. ಬಕೆಟ್ಟಿನ ನೀರು ಇಳಿಯಿತು. "ಎಂಜಿನ್ ಬಂದ್ ಆತು, ಎಲ್ಲಾ ಕೆಳಗ." ತಂಬಿಗೆಯ ನೀರನ್ನು ಬಕೆಟ್ಟಿಗೆ ಸುರಿದರು. ನೀರು ಮೇಲೇರಿತು. "ನೀವು ದಿನಾ ನೋಡಿದ್ದು ಇದು. ಹೆಚ್ಚಾತು ಅಂತ ತಗದ್ರಿ. ಮುಂದ ಎಂಜಿನ್ ಚಾಲೂ ಆದ್ರ ತಂಬಗಿ ತುಂಬಾಕ ನೀರೆಲ್ಲೈತಿ? ಪ್ಲೇಟು ಒಣಗಿ ಜಾರಿ ಸುಡ್ತಾವು. ಈ ಗಾಡಿ ಎಣ್ಣಿ ಚಾಲೂ ಇಟಗೊಂಡ ನೋಡಬೇಕ್ರಿ, ಬಿಸಿ ಆದಮ್ಯಾಗ."

ನಾನು ಬಕೆಟ್ಟನ್ನೇ ನೋಡುತ್ತ ಕುಳಿತೆ. ಕೊಟ್ರೇಶಿ ಎಣ್ಣೆ ಸುರಿಯುತ್ತಿದ್ದದ್ದು ಯಾಕೆಂದು ಆಗ ತಿಳಿಯಿತು. ಲಾರಿ ಜಾರಲು ಶುರುವಾದಾಗಲೆಲ್ಲ ಅವನು ಎಂಜಿನ್ ಚಾಲೂ ಇಟ್ಟು ಕಡ್ಡಿ ನೋಡಿ ತುಂಬುತ್ತಿದ್ದ. ಬೆಳಿಗ್ಗೆ ನಾನು ಕಳ್ಳನ ಹಾಗೆ ಕೆಳಗೆ ನುಸುಳಿ ತೆಗೆಯುತ್ತಿದ್ದೆ. ಅವನು ಒಮ್ಮೆ ಹೇಳಿಯೂ ಇದ್ದ, "ಮಾವಾ, ಚಾಲೂ ಇದ್ದಾಗ ನೋಡಬೇಕಂತ ಗಣಿ ಡ್ರೈವರ್ ಹೇಳ್ಯಾನ್ರಿ" ಎಂದು. ನಿನ್ನ ಅಜ್ಜನ ಕಾಲದಿಂದ ಎಂಜಿನ್ ನಿಲ್ಲಿಸಿಯೇ ಎಣ್ಣೆ ನೋಡುವುದು, ನನಗೆ ಕಲಿಸಬೇಡ ಎಂದು ಬಾಯಿ ಮುಚ್ಚಿಸಿದ್ದೆ. ಹವಾಲ್ದಾರರ ಕಟ್ಟೆಯ ಮೇಲೆ ಕುಳಿತು ನನಗೆ ಬಹಳ ನಾಚಿಕೆಯಾಯಿತು.

"ತಗದ ಎಣ್ಣಿ ಏನು ಮಾಡಿದ್ರಿ?"

"ಬಾಗಲ ಕೀಲಿಗೆ, ಬಾವಿ ಗಡಗಡಿಗೆ ಬಿಟ್ಟೆ. ನಮ್ಮ ಮನ್ಯಾಗ ಒಂದು ಬಾಗಲೂ ಸಪ್ಪಳ ಮಾಡಂಗಿಲ್ಲ ನೋಡ್ರಿ," ಎಂದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ನನಗೂ ಬಂತು, ಆದರೆ ಅರ್ಧದಲ್ಲೇ ನಿಂತಿತು.

ಮಿಲಿಟರಿ ಹರಾಜಿನ ಹಳೇ ಸಾಮಾನಿನ ಟ್ರಂಕು ತೆರೆದು, ಅಳತೆ ಹಿಡಿದು ಹಿಡಿದು, ಇನ್ನೂ ಜೀವವಿರುವ ಒಂಬತ್ತು ಪ್ಲೇಟು ಆರಿಸಿ ಕೊಟ್ಟರು. ಹಾಕುವ ಮೊದಲು ಒಂದು ರಾತ್ರಿ ಎಣ್ಣೆಯಲ್ಲಿ ನೆನೆಸಿ ಎಂದರು. ನಮ್ಮ ಬಿಸಿಲಿಗೆ ಈ ಎಣ್ಣೆ ಕಾದು ಕೆಡುತ್ತದೆ, ಕಾರಿನ ಹಳೇ ರೇಡಿಯೇಟರ್ ಒಂದನ್ನು ಮುಂದೆ ಕಟ್ಟಿ, ಎಣ್ಣೆ ಅದರಲ್ಲಿ ಸುತ್ತಿ ಆರಿ ಬರುವ ಹಾಗೆ ಪೈಪ್ ಹಾಕಿ ಎಂದು ಸಿಗರೇಟ್ ಪ್ಯಾಕಿನ ಹಿಂದೆ ಚಿತ್ರ ಬರೆದುಕೊಟ್ಟರು. ಹೊರಡುವಾಗ ಇನ್ನೊಂದು ಮಾತು ಹೇಳಿದರು.

"ಪ್ಲೇಟು ಸಿಕ್ಕವು. ಡ್ರೈವರ್ ಸಿಗ್ತಾನೇನು ನೋಡ್ರಿ."

ಆ ದಿನ ಮನೆಗೆ ಹಿಂತಿರುಗಬೇಕಿದ್ದವನು ಹಡಗಲಿಯಿಂದ ಹರಪನಹಳ್ಳಿಯ ಬಸ್ಸು ಹತ್ತಿದೆ. ಹರಪನಹಳ್ಳಿಯ ಗುಜರಿ ಅಂಗಡಿಯಲ್ಲಿ ಒಂದು ರೇಡಿಯೇಟರ್ ಸಿಕ್ಕಿತು. ಸೋರುತ್ತದೆಯೇ ಎಂದು ಕೇಳಿದ್ದಕ್ಕೆ ಅಂಗಡಿಯವನು, "ಸೋರಿದ್ರೆ ವಾಪಸ್ ತಗಂಬನ್ನಿ, ನಾನೆಲ್ಲೋಗ್ತೀನಿ?" ಎಂದ. ಪರಿಚಯದ ವ್ಯಾಪಾರಿಯೊಬ್ಬರ ಮನೆಯಲ್ಲಿ ಉಂಡು ಮಲಗಿ, ಮರುದಿನ ಬೆಳಿಗ್ಗೆ ರೇಡಿಯೇಟರನ್ನು ತೊಡೆಯ ಮೇಲಿಟ್ಟುಕೊಂಡು ತೆಲಿಗಿಗೆ ಹೋದೆ.

ಊರ ಹೊರಗಿನ ಹೊಲದಲ್ಲಿ ಕೊಟ್ರೇಶಿ ಟ್ರ್ಯಾಕ್ಟರ್ ಓಡಿಸುತ್ತಿದ್ದ. ನನ್ನನ್ನು ಕಂಡು ಬದುವಿನ ತನಕ ಬಂದು ನಿಲ್ಲಿಸಿದ. ಕೆಳಗಿಳಿದು ಎಂದಿನಂತೆ ಚೀಲಕ್ಕೆ ಕೈ ಚಾಚಿದ.

"ಅಕ್ಕ ಹೆಂಗದಾಳ?"

"ಅದಾಳ. ನನ್ನ ಜೋಡಿ ಮಾತಾಡಂಗಿಲ್ಲ," ಎಂದೆ. ಆಮೇಲೆ ಬಕೆಟ್ಟು, ತಂಬಿಗೆ, ಎಲ್ಲವನ್ನೂ ಹೇಳಿದೆ. "ತಪ್ಪು ನಂದು ಕೊಟ್ರೇಶಿ. ಗಾಡಿ ಸುಟ್ಟಾವ ನಾನು. ಮನಿಗೆ ನಡಿ."

ಅವನು ಚೀಲದಿಂದ ಸುಟ್ಟ ಪ್ಲೇಟೊಂದನ್ನು ತೆಗೆದು ಕೈಯಲ್ಲಿ ತಿರುಗಿಸಿ ನೋಡಿದ. ಸಿಟ್ಟಿನಲ್ಲಿ ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

"ನನ್ನ ಮುಂದ ಹೇಳಿದ್ರಿ, ಸಂತೋಷ ಆತು ಮಾವಾ. ಆದ್ರ ನಂಗ ಇದು ಮೊದ್ಲ ಗೊತ್ತಿತ್ತು. ಗೊತ್ತಿಲ್ಲದಾವ್ರು ಆ ಹೋಟ್ಲಾಗ ಅದಾರ. ಎಲ್ಲಿ ಚೆಲ್ಲೈತೋ ಅಲ್ಲೇ ಬಳೀಬೇಕು."

ನಾನು ಮತ್ತೆ ಒತ್ತಾಯ ಮಾಡಲಿಲ್ಲ. ಬಸ್ಸಿನ ತನಕ ಅವನೇ ರೇಡಿಯೇಟರ್ ಹೊತ್ತು ತಂದ. ಬಸ್ಸು ಹೊರಟಾಗ ಹಿಂತಿರುಗಿ ನೋಡಿದೆ. ಅವನು ರಸ್ತೆಯಲ್ಲೇ ನಿಂತಿದ್ದ, ಕೈ ಎತ್ತಲಿಲ್ಲ.

ಹರಪನಹಳ್ಳಿ, ಕೊಟ್ಟೂರು ದಾಟಿ ಕೂಡ್ಲಿಗಿಗೆ ಬಂದಾಗ ಸಂಜೆ ನಾಲ್ಕು ಗಂಟೆ. ದಾರಿಯುದ್ದಕ್ಕೂ ಮನಸ್ಸಿನಲ್ಲಿ ಮಾತು ಜೋಡಿಸಿದ್ದೆ. ಹೋಟೆಲಿನ ಬಾಗಿಲಿಗೆ ಬಂದಾಗ ಒಂದೂ ಉಳಿದಿರಲಿಲ್ಲ. ಒಳಗೆ ಎಂದಿನ ಮಂದಿಯೇ ಇದ್ದರು, ಜೊತೆಗೆ ಹರಪನಹಳ್ಳಿಗೆ ಹೋಗುವ ಬಸ್ಸಿನ ಡ್ರೈವರು. ಒಂದು ಸುಟ್ಟ ಪ್ಲೇಟು ತೆಗೆದು ಚಹಾದ ಟೇಬಲ್ಲಿನ ಮೇಲಿಟ್ಟೆ.

"ಕೇಳ್ರಪಾ. ಅವತ್ತು ಇಲ್ಲೇ ನಿಂತು ಕೊಟ್ರೇಶಿಗೆ ಅಂದಿದ್ನೆಲ್ಲಾ, ಅದು ಸುಳ್ಳು. ಅವನು ಎಣ್ಣಿ ಹಾಕತಿದ್ದ, ನಾನು ತಗೀತಿದ್ದೆ. ಇದನ್ನ ಸುಟ್ಟಾವ ನಾನು."

ಹೋಟೆಲಿನ ಯಜಮಾನ ಸೋಸುವ ಬಟ್ಟೆ ಹಿಂಡುತ್ತ, "ಹಂಗಾದ್ರ ಅವನ ಕಾಲು ಸರಿ ಐತಿ, ನಿಮ್ಮ ಕೈದ ತಪ್ಪು ಅನ್ರಿ," ಎಂದ. ಎಲ್ಲರೂ ನಕ್ಕರು. ನಗಲಿ ಎಂದು ಸುಮ್ಮನೆ ನಿಂತೆ. ಬಸ್ಸಿನ ಡ್ರೈವರು ಮಾತ್ರ ನಗದೆ ಪ್ಲೇಟನ್ನು ಎತ್ತಿ ನೋಡಿ, ಚಹಾ ಮುಗಿಸಿ ಎದ್ದು ಹೋದ.

ಮನೆಯ ಬಾಗಿಲು ಸದ್ದಿಲ್ಲದೆ ತೆರೆಯಿತು. ನನಗಿಂತ ಮೊದಲೇ ಸುದ್ದಿ ಮನೆ ಸೇರಿತ್ತು. ಗೌರಮ್ಮ ಒಲೆಯ ಮುಂದಿನಿಂದಲೇ, "ಕೈಕಾಲು ತೊಳಕೊಂಡು ಬರ್ರಿ, ರೊಟ್ಟಿ ಬಿಸಿ ಅದಾವು," ಎಂದಳು. ತಿಂಗಳ ಮೇಲೆ ಕೇಳಿದ ಮಾತು. ಆ ರಾತ್ರಿ ಪ್ಲೇಟುಗಳನ್ನು ಎಣ್ಣೆಯಲ್ಲಿ ನೆನೆ ಹಾಕಿದೆ.

ಕೂಡಿಸುವ ಕೆಲಸಕ್ಕೆ ಕುಳಿತ ಎರಡನೆಯ ದಿನ, ತಲೆಯೆತ್ತಿದರೆ ಅಂಗಳದಲ್ಲಿ ಕೊಟ್ರೇಶಿ. ಬಸ್ಸಿನ ಡ್ರೈವರು ಹರಪನಹಳ್ಳಿಯಲ್ಲಿ ಹೇಳಿದ್ದು, ಅದು ತೆಲಿಗಿಗೆ ಮುಟ್ಟಿದ್ದು ಆಮೇಲೆ ತಿಳಿಯಿತು. ಅವನು ಏನೂ ಅನ್ನದೆ ಪಂಚೆ ಎತ್ತಿ ಕಟ್ಟಿ, ಮೊರ ಹತ್ತಿರ ಎಳೆದುಕೊಂಡು ಪ್ಲೇಟುಗಳನ್ನು ಒಂದೊಂದಾಗಿ ಕೈಗೆ ಕೊಡತೊಡಗಿದ. ಮೂರು ದಿನ ಇಬ್ಬರೂ ನಟ್ಟು, ಸ್ಪ್ಯಾನರುಗಳ ಮಾತು ಬಿಟ್ಟು ಬೇರೆ ಆಡಲಿಲ್ಲ.

ಗೇರ್ ಬಾಕ್ಸು ಏರಿತು, ರೇಡಿಯೇಟರ್ ಕೂತಿತು. ಹೊಸ ಎಣ್ಣೆ ಸುರಿದು ಕೊಟ್ರೇಶಿ ಎಂಜಿನ್ ಚಾಲೂ ಮಾಡಿ, ಲಾರಿಯನ್ನು ಕೊಟ್ಟೂರು ರಸ್ತೆಯಲ್ಲಿ ನಾಲ್ಕು ಮೈಲಿ ಓಡಿಸಿ ತಂದ. ಏರಿನಲ್ಲಿ ಎಲ್ಲೂ ಜಾರಲಿಲ್ಲ. ಅಂಗಳಕ್ಕೆ ತಂದು ನಿಲ್ಲಿಸಿದವನು ಎಂಜಿನ್ ಬಂದ್ ಮಾಡಲಿಲ್ಲ. ಇಳಿದು ಬಂದು ಎಣ್ಣೆ ಕಡ್ಡಿಯನ್ನು ಎಳೆದು, ತನ್ನ ಟವೆಲಿನಿಂದ ಒರೆಸಿ, ನನ್ನ ಕೈಗಿಟ್ಟ.

"ಈಗ ನೋಡ್ರಿ ಮಾವಾ," ಎಂದ.

ಕಡ್ಡಿ ಇಳಿಸಿ ಎಳೆದೆ. ಎಣ್ಣೆ ಸರಿಯಾಗಿ ಗೆರೆಗೆ ಬಂದು ನಿಂತಿತ್ತು.