ಉಜ್ಜಿನಪ್ಪ ಮಾವ ಮತ್ತು ಸಾಂತಾ ಲೂಸಿನ ಹೆಂಗಸರು

ನನ್ನ ಸೋದರಮಾವ ಉಜ್ಜಿನಪ್ಪ ಮಣ್ಣನ್ನು ನಾಲಿಗೆಯ ಮೇಲಿಟ್ಟು ನೋಡುತ್ತಿದ್ದ. ಸಿರುಗುಪ್ಪದ ಕೃಷಿ ಇಲಾಖೆಯಲ್ಲಿ ಅವನಿಗೆ ಸಣ್ಣ ಕೆಲಸ. ಸೈಕಲ್ಲಿನ ಹಿಂದೆ ತಗಡಿನ ಡಬ್ಬಿಗಳನ್ನು ಕಟ್ಟಿಕೊಂಡು ರಾರಾವಿ, ಹಚ್ಚೊಳ್ಳಿ ಕಡೆ ಹೋಗಿ ಹೊಲಹೊಲದ ಮಣ್ಣು ತುಂಬಿಕೊಂಡು ಬರಬೇಕು. ಕಾಲುವೆಗೆ ನೀರು ಬಂದು ಇಪ್ಪತ್ತು ವರ್ಷವಾಗಿತ್ತು. ನೀರು ಹೆಚ್ಚಾದ ಕಡೆ ನೆಲದ ಮೇಲೆ ಬೂದಿ ಚೆಲ್ಲಿದ ಹಾಗೆ ಬಿಳಿ ಪುಡಿ ಏಳುತ್ತಿತ್ತು. ಚೌಳು. ಡಬ್ಬಿಯ ಮಣ್ಣು ಬಳ್ಳಾರಿಗೆ ಹೋಗಿ ಫಲಿತಾಂಶ ಬರುವುದಕ್ಕೆ ತಿಂಗಳು ಹಿಡಿಯುತ್ತಿತ್ತು. ಮಾವನ ನಾಲಿಗೆ ಅಷ್ಟು ಹೊತ್ತು ಕಾಯುತ್ತಿರಲಿಲ್ಲ.

"ಸಾಹೇಬ್ರ, ಉಪ್ಪು ಸರಿ ಐತೇನ್ರಿ? ಇಲ್ಲಾಂದ್ರ ಒಂದೀಟು ಖಾರ ಹಾಕೋಣು," ಎಂದು ಹಚ್ಚೊಳ್ಳಿಯ ರೈತ ಪಕ್ಕೀರಪ್ಪ ಬದುವಿನ ಮೇಲೆ ಕೂತು ಕೇಳುತ್ತಿದ್ದ.

"ನಿನ್ನ ಹೊಲದಾಗ ಮಾವಿನಕಾಯಿ ಹುಗಿದು ಇಡು ಪಕ್ಕೀರಪ್ಪ, ಉಪ್ಪಿನಕಾಯಿ ಆಗ್ತೈತಿ. ಭತ್ತ ಮಾತ್ರ ಆಗಂಗಿಲ್ಲ," ಎನ್ನುತ್ತಿದ್ದ ಮಾವ.

ಸಾವಿರದ ಒಂಬೈನೂರ ಎಪ್ಪತ್ನಾಲ್ಕರಲ್ಲಿ ಇಲಾಖೆ ಕೆಲವರನ್ನು ಭತ್ತದ ತರಬೇತಿಗೆಂದು ಫಿಲಿಪ್ಪೀನ್ಸ್ ದೇಶಕ್ಕೆ ಕಳಿಸಿತು. ಹೋಗಬೇಕಾಗಿದ್ದ ದೊಡ್ಡವರೊಬ್ಬರು ಕೊನೆಗೆ ಒಲ್ಲೆನೆಂದರು. ಚೌಳು ಬಲ್ಲವನು ಯಾರಿದ್ದಾನೆ ಎಂದು ಕೇಳಿದಾಗ ಮಾವನ ಹೆಸರು ಬಂತು. ಅಲ್ಲಿಯ ಕಡಲಂಚಿನ ಊರುಗಳಲ್ಲಿ ಸಮುದ್ರದ ನೀರು ನುಗ್ಗುವ ಗದ್ದೆಯಲ್ಲೂ ಭತ್ತ ಬೆಳೆಯುತ್ತಾರಂತೆ, ಅದನ್ನು ನೋಡಿ ಬರಬೇಕು.

ಸುದ್ದಿ ಕೇಳಿದ ಅಜ್ಜಿ ಚನ್ನವೀರಮ್ಮ ಮೂರನೆಯ ದಿನ ಹತ್ತಿ ತೆಗೆದುಕೊಂಡು ಪಡಸಾಲೆಯಲ್ಲಿ ಕೂತಳು. ನೂಲು ತೆಗೆದು, ಹುರಿ ಮಾಡಿ, ಮೂರು ಎಳೆ ಕೂಡಿಸಿ ಹೊಸ ಶಿವದಾರ ಹೊಸೆದಳು. ಮಾವ ಹುಟ್ಟಿದಾಗ ಕುರುಗೋಡಿನಿಂದ ಬಂದ ಅಯ್ಯನವರು ಕಟ್ಟಿದ ಲಿಂಗ, ಲಿಂಬೆಹಣ್ಣಿನಷ್ಟು ಬೆಳ್ಳಿಯ ಕರಡಿಗೆಯಲ್ಲಿ ಅವನ ಎದೆಯ ಮೇಲಿತ್ತು. ಅದರ ಹಳೆಯ ದಾರ ಬಿಚ್ಚಿ ಹೊಸದನ್ನು ತಾನೇ ಕಟ್ಟಿದಳು.

"ಮೀನ ತಿನ್ನೋ ಊರಂತ. ನೀ ಏನು ತಿಂತೀಯೋ ಬಿಡ್ತೀಯೋ, ನನಗ ಗೊತ್ತಾಗಂಗಿಲ್ಲ," ಎಂದಳು. "ಇದೊಂದು ಮೈಮ್ಯಾಲ ಇಟ್ಕೊಂಡು ತಿರುಗಿ ಬಾ. ಇದು ಕೊಳ್ಳಾಗ ಇಲ್ಲದ ಒಂದು ತುತ್ತು ಉಣಬ್ಯಾಡ."

"ಆತು ಬೇ," ಎಂದ ಮಾವ.

ಬಳ್ಳಾರಿಯಿಂದ ಮದರಾಸಿಗೆ ರೈಲು, ಅಲ್ಲಿಂದ ವಿಮಾನ. ಮೂರು ತಿಂಗಳು ತರಗತಿ, ಆಮೇಲೆ ಸಾಂತಾ ಲೂಸ್ ಎಂಬ ಕಡಲೂರು. ಆ ಊರಿನ ಬಗ್ಗೆ ಮಾವ ಎಷ್ಟು ಸಲ ಹೇಳಿದ್ದಾನೆಂದರೆ ಅದರ ಬೀದಿಗಳಲ್ಲಿ ನಾನೂ ನಡೆದಾಡಬಲ್ಲೆ. ಬಿದಿರಿನ ಕಂಬಗಳ ಮೇಲೆ ನಿಂತ ಮನೆಗಳು, ಕೆಳಗೆ ಹಂದಿ, ಕೋಳಿ. ದೋಣಿಗಳಿಗೆ ಎರಡೂ ಪಕ್ಕದಲ್ಲಿ ಬಿದಿರಿನ ರೆಕ್ಕೆ. ನೀರಿನ ಮೇಲೆ ಕೂತ ಮಿಡತೆಯ ಹಾಗೆ ಕಾಣುತ್ತಿದ್ದವಂತೆ. ಚರ್ಚಿನ ಗಂಟೆ ಬಾರಿಸಿದರೆ ನಡೆಯುವವರು ನಿಂತು ಎದೆ ಮುಟ್ಟಿಕೊಳ್ಳುತ್ತಿದ್ದರು. ಮೂರು ಹೊತ್ತೂ ಅನ್ನ. ಊರ ಹಿಂದೆ ತೆಂಗು, ತೆಂಗಿನ ಹಿಂದೆ ಗದ್ದೆ, ಗದ್ದೆಯ ಮಣ್ಣು ಹಚ್ಚೊಳ್ಳಿಯ ಮಣ್ಣಿನಷ್ಟೇ ಉಪ್ಪು. ಅದನ್ನು ನೋಡಿದಾಗ ಮನೆಗೆ ಬಂದ ಹಾಗಾಯಿತು ಎನ್ನುತ್ತಿದ್ದ.

ಅವನಿದ್ದದ್ದು ಪಿಲಾರ್ ಎಂಬಾಕೆಯ ಮನೆಯಲ್ಲಿ. ಗಂಡ ಹಡಗಿನಲ್ಲಿ ದುಡಿಯಲು ಹೋಗಿದ್ದ. ಪಿಲಾರ್ ಬಲೆ ಹೆಣೆಯುತ್ತಿದ್ದಳು, ಮೀನು ಒಣಗಿಸುತ್ತಿದ್ದಳು. ಮಾವನಿಗೆ ಬೇರೆ ಮಡಕೆ ತೆಗೆದಿಟ್ಟು, ಅನ್ನ, ಕುಂಬಳಕಾಯಿ, ಬಾಳೆಹಣ್ಣು ಬೇಯಿಸಿ ಕೊಡುತ್ತಿದ್ದಳು. ಅದೇಕೆ ಎಂದು ಒಂದು ದಿನವೂ ಕೇಳಲಿಲ್ಲ. ಕೇಳುತ್ತಿದ್ದವಳು ಪಕ್ಕದ ಮನೆಯ ನೇನಾ. ಮೀನು ಮಾರುವವಳು, ದೊಡ್ಡ ದನಿಯವಳು. ದಿನಾ ಮುಂಜಾನೆ ಒಂದು ಮೀನನ್ನು ಬಾಲ ಹಿಡಿದು ಎತ್ತಿ ಕಿಟಕಿಯ ಮುಂದೆ ಆಡಿಸುತ್ತಿದ್ದಳು.

"'ಏನು ಮಾಸ್ತರ, ಇವತ್ತರ ತಿಂತಿಯೋ, ಇಲ್ಲಾ ಹುಲ್ಲ ಮೇಯ್ತಿಯೋ' ಅಂತಿದ್ಲು," ಎಂದು ಮಾವ ನಗುತ್ತಿದ್ದ. ಅಲ್ಲಿಯವರ ಮಾತನ್ನೆಲ್ಲ ಅವನು ನಮ್ಮ ಸೀಮೆಯ ಮಾತಿನಲ್ಲೇ ಹೇಳುತ್ತಿದ್ದದ್ದು. ಅವರ ಅರೆಬರೆ ಇಂಗ್ಲಿಷು, ಇವನ ಅರೆಬರೆ ಇಂಗ್ಲಿಷು ಕೂಡಿ ಒಂದು ಮಾತು ಪೂರಾ ಆಗುತ್ತಿತ್ತು.

ಹಿಂತಿರುಗಲು ಎಂಟು ದಿನವಿದ್ದಾಗ ಅದು ನಡೆಯಿತು.

ಸಮುದ್ರ ಇಳಿದಾಗ ಊರ ಮುಂದೆ ಅರ್ಧ ಮೈಲಿ ಕೆಸರು ಬಿಚ್ಚಿಕೊಳ್ಳುತ್ತಿತ್ತು. ಆ ಮುಂಜಾನೆ ಮಾವ ಅಲ್ಲಿಯ ಮಣ್ಣು ತೆಗೆಯಲು ಹೋದ. ಮೊಳಕಾಲುದ್ದ ಹೂತುಹೋಗುವ ಕೆಸರು. ಬಗ್ಗಿ ಬಗ್ಗಿ ಆರು ಡಬ್ಬಿ ತುಂಬಿದ. ನೀರು ಏರತೊಡಗಿದಾಗ ಮನೆಗೆ ಬಂದು ಸ್ನಾನಕ್ಕೆ ಅಂಗಿ ಬಿಚ್ಚಿದರೆ ಎದೆಯ ಮೇಲೆ ಏನೂ ಇರಲಿಲ್ಲ. ಹರಿದ ದಾರದ ಒಂದು ತುಂಡು ಅಂಗಿಗೆ ಅಂಟಿಕೊಂಡಿತ್ತು. ನಾಲ್ಕು ತಿಂಗಳ ಬೆವರು, ಉಪ್ಪುಗಾಳಿ, ದಿನಾ ತೊಳೆದ ನೀರು ಎಲ್ಲ ಸೇರಿ ನೂಲು ಜೀರ್ಣವಾಗಿತ್ತು. ಅದು ಜೀರ್ಣವಾಗುತ್ತಿದೆ ಎಂದು ಅವನಿಗೆ ವಾರದ ಹಿಂದೆಯೇ ಗೊತ್ತಿತ್ತು. ಅವ್ವ ಹೊಸೆದದ್ದು, ಬಿಚ್ಚಿ ಬೇರೆಯವರ ದಾರ ಕಟ್ಟಲು ಮನಸ್ಸು ಬಂದಿರಲಿಲ್ಲ.

ಓಡಿಹೋದ. ಕೆಸರಿದ್ದ ಕಡೆ ಎದೆಮಟ್ಟದ ನೀರು ನಿಂತಿತ್ತು.

ಮಧ್ಯಾಹ್ನ ಪಿಲಾರ್ ತಟ್ಟೆ ತಂದಿಟ್ಟಳು. ಮಾವ ಮುಟ್ಟಲಿಲ್ಲ. ರಾತ್ರಿಯೂ ಮುಟ್ಟಲಿಲ್ಲ. ಜ್ವರ ಬಂತೇ ಎಂದು ಆಕೆ ಹಣೆ ಮುಟ್ಟಿ ನೋಡಿದಳು. ಹೇಗೆ ಹೇಳುವುದೆಂದು ತಿಳಿಯದೆ ಮಾವ ಬರಿದಾದ ಎದೆಯ ಮೇಲೆ ಕೈಯಿಟ್ಟು, "ನನ್ನ ದೇವರು ಕೆಸರಿನಾಗ ಬಿದ್ದಾನ," ಎಂದ. ಪಿಲಾರ್ ತನ್ನ ಕುಪ್ಪಸದೊಳಗಿಂದ ದಾರವೊಂದನ್ನು ಎಳೆದು, ತುದಿಯಲ್ಲಿದ್ದ ಮೇರಿಮಾತೆಯ ಬಿಲ್ಲೆ ತೋರಿಸಿದಳು. ಇಂಥದ್ದೇ? ಮಾವ ತಲೆಯಾಡಿಸಿದ. ಆಕೆ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಮತ್ತೆ ಉಣ್ಣು ಎನ್ನಲಿಲ್ಲ.

ಮರುದಿನ ಸಮುದ್ರ ಇಳಿಯುವ ಹೊತ್ತಿಗೆ ದಂಡೆಯ ಮೇಲೆ ಹದಿನಾಲ್ಕು ಹೆಂಗಸರು ನಿಂತಿದ್ದರು. ಚಿಪ್ಪು ಆಯುವವರು. ನೇನಾ ಮಾರುಕಟ್ಟೆಗೆ ಹೋಗದೆ ಬಂದಿದ್ದಳು. ಮಾವ ಮಣ್ಣು ತೆಗೆದ ಜಾಗ ತೋರಿಸಿದ. ಅವರು ನಮ್ಮಲ್ಲಿ ನಾಟಿ ಹಚ್ಚುವವರ ಹಾಗೆ ಒಂದೇ ಸಾಲಾಗಿ, ಭುಜಕ್ಕೆ ಭುಜ ತಾಗಿಸಿ ಕೆಸರಿಗೆ ಇಳಿದರು.

ಆಗ ಮಾವ ಕಂಡ. ಅವರು ಹುಡುಕುತ್ತಿದ್ದದ್ದು ಕಾಲಿನಿಂದ. ಒಂದೊಂದು ಹೆಜ್ಜೆಯನ್ನೂ ಕೆಸರೊಳಗೆ ಇಳಿಸಿ, ಅಂಗಾಲಿನಿಂದ ಸವರಿ, ಗಟ್ಟಿ ಹತ್ತಿದರೆ ಬಗ್ಗಿ ತೆಗೆಯುತ್ತಿದ್ದರು. ಚಿಪ್ಪು ಆಯುವುದು ಹಾಗೆಯೇ.

"ಕಾಲು ಬ್ಯಾಡ! ಕೈ, ಕೈ!" ಎಂದು ಕೂಗುತ್ತ ಮಾವ ಕೆಸರಿನಲ್ಲಿ ಎದ್ದುಬಿದ್ದು ಹೋದ.

ಹೆಂಗಸರು ನಕ್ಕರು. ನೇನಾ ಅವನ ಹಾಗೆಯೇ ಕೈ ಬೀಸಿ ತೋರಿಸಿದಳು. ಪಿಲಾರ್ ಏನೋ ಹೇಳಿದ ಮೇಲೆ ನಗು ನಿಂತಿತು. ಒಬ್ಬೊಬ್ಬರಾಗಿ ಕುಕ್ಕರಗಾಲಲ್ಲಿ ಕೂತು, ಮೊಳಕೈವರೆಗೆ ಕೆಸರಿನಲ್ಲಿ ಕೈ ಹಾಕಿದರು. ಒಂದು ತಾಸಾಯಿತು. ಹದಿನಾಲ್ಕು ಮಂದಿ ಹುಡುಕಿ ಮುಗಿಸಿದ್ದು ನಮ್ಮ ಅಂಗಳದಷ್ಟು ಜಾಗ. ಮುಂದೆ ಎರಡು ಮಡಿ ಗದ್ದೆಯಷ್ಟು ಉಳಿದಿತ್ತು. ದೂರದಲ್ಲಿ ನೀರಿನ ಬಿಳಿ ಗೆರೆ ಈ ಕಡೆ ಹೊರಳಿತ್ತು.

ಪಿಲಾರ್ ಅವನ ಹತ್ತಿರ ಬಂದಳು. "ಕೈಗೆ ಇಲ್ಲಿ ಕಣ್ಣಿಲ್ಲ. ಕಾಲಿಗೆ ಐತಿ. ಸಮುದ್ರ ಮುಚ್ಚಿಕೊಂಡು ಬಿಟ್ರ ನಾಳಿಗೆ ಎಲ್ಲಿಗೆ ಒಯ್ದಿರತೈತೋ ಯಾರು ಬಲ್ಲರು? ನೀ ಹೇಳು," ಎಂದಳು.

ಅದು ಮಾವ ಹುಟ್ಟಿದಾಗಿನಿಂದ ಅಂಗೈಯಲ್ಲಿಟ್ಟು ಪೂಜೆ ಮಾಡಿದ್ದು. ಮಲಗಿದಾಗಲೂ ನೆಲಕ್ಕೆ ತಾಗದ ಹಾಗೆ ಎದೆಯ ಮೇಲೆ ಇಟ್ಟುಕೊಂಡದ್ದು. ಅದನ್ನು ಇನ್ನೊಬ್ಬರು ತುಳಿಯಲಿ ಎಂದು ತನ್ನ ಬಾಯಿಂದಲೇ ಹೇಳಬೇಕು. ಹೇಳದಿದ್ದರೆ ಅದು ಸಮುದ್ರದ ಪಾಲು. ನೀರಿನ ಗೆರೆ ನೋಡಿದ, ಆಕೆಯ ಮುಖ ನೋಡಿದ.

"ಕಾಲಿಲೇ ಹುಡುಕ್ರಿ," ಎಂದ.

ಪಿಲಾರ್ ಆ ಮಾತನ್ನು ಹೆಂಗಸರಿಗೆ ತಲುಪಿಸಿದಳು. ಅವರು ತಕ್ಷಣ ಸಾಲು ಕಟ್ಟಲಿಲ್ಲ. ಮೊದಲು ಪಿಲಾರ್, ಆಮೇಲೆ ನೇನಾ, ಆಮೇಲೆ ಉಳಿದವರು ಪಕ್ಕದ ನೀರಿನ ಹೊಂಡಕ್ಕೆ ಹೋಗಿ, ಕಾಲು ತೊಳೆದುಕೊಂಡರು. ಬೆರಳ ಸಂದಿಯನ್ನೂ ಬಿಡದೆ ತಿಕ್ಕಿ ತೊಳೆದರು. ಮುಂದಿನ ಹೆಜ್ಜೆಗೇ ಕೆಸರಾಗುವ ಕಾಲು. ತೊಳೆದುಕೊಂಡು ಬಂದು ಇಳಿದರು.

ನೀರು ಮೊಳಕಾಲಿಗೆ ಬಂದಾಗ ನೇನಾ ಕೂಗಿದಳು. ಆಕೆ ಬಗ್ಗಲಿಲ್ಲ, ಕೈಯಿಂದ ಮುಟ್ಟಲಿಲ್ಲ. ಒಂಟಿಕಾಲಿನ ಮೇಲೆ ಕೊಕ್ಕರೆಯಂತೆ ನಿಂತು, ಇನ್ನೊಂದು ಕಾಲನ್ನು ಕೆಸರಿನಿಂದ ಅರ್ಧ ಎತ್ತಿ, ಮಾವನನ್ನು ಕರೆದಳು. ಅವನು ಬರುವತನಕ ಹಾಗೆಯೇ ತೂಗಾಡುತ್ತ ನಿಂತಿದ್ದಳು. ಆ ಕಾಲಿನ ಕೆಳಗೆ ಮಾವ ಕೈಯಿಟ್ಟ. ಕರಡಿಗೆ ಅಲ್ಲಿತ್ತು. ಮುಚ್ಚಳ ಬಿಚ್ಚಿರಲಿಲ್ಲ.

ಅಂದು ಮಧ್ಯಾಹ್ನ ಪಿಲಾರ್ ಒಮ್ಮೆಯೂ ನೀರು ಮುಟ್ಟದ ಹೊಸ ಬಲೆದಾರ ತೆಗೆದು, ತನ್ನ ಕೈಯಾರೆ ಗಂಟು ಹಾಕಿಕೊಟ್ಟಳು. ಮಾವ ಸ್ನಾನ ಮಾಡಿ, ಪೂಜೆ ಮಾಡಿ, ಉಂಡ. ನೇನಾ ಕಿಟಕಿಯಲ್ಲಿ ಬಂದು ನಿಂತಳು, ಮೀನಿಲ್ಲದೆ.

ಸಿರುಗುಪ್ಪಕ್ಕೆ ಬಂದವನು ಎಲ್ಲ ಹೇಳಿದ, ಇದೊಂದು ಬಿಟ್ಟು. ಪಕ್ಕೀರಪ್ಪ ಊರಿನ ನಾಲ್ಕು ಮಂದಿ ಕರೆದುಕೊಂಡು ಬಂದು, "ಖರೇ ಹೇಳ್ರಿ ಸಾಹೇಬ್ರ, ಒಂದು ಮೀನ ಸೈತ ತಿನ್ನಲಿಲ್ಲೇನ್ರಿ?" ಎಂದು ಕೇಳಿದಾಗ ಎಲ್ಲರೂ ನಕ್ಕರು, ಮಾವ ಅರ್ಧ ನಕ್ಕ. ಪೂಜೆಗೆ ಅಜ್ಜಿಯ ಮುಂದೆ ಕೂಡದೆ ಗೋಡೆಯ ಕಡೆ ಮುಖ ಮಾಡಿ ಕೂಡುತ್ತಿದ್ದ. ಐದನೆಯ ದಿನ ಅಜ್ಜಿ ಅವನ ಬೆನ್ನ ಹಿಂದೆ ಬಂದು ನಿಂತಳು.

"ಈ ದಾರ ನನ್ನದಲ್ಲ."

"ಅಲ್ಲ ಬೇ."

"ಎಂಥಾದ್ದು?"

"ಬಲಿ ಹೆಣಿಯೋ ದಾರ."

ಅಜ್ಜಿ ಅಲ್ಲೇ ಕುಳಿತಳು. ಮಾವ ಮೊದಲಿನಿಂದ ಕೊನೆಯವರೆಗೆ ಹೇಳಿದ. ಕಾಲಿನ ಮಾತು ಬಂದಾಗ ಕರಡಿಗೆಯನ್ನು ಅಂಗೈಯಲ್ಲಿಟ್ಟು ಅವಳ ಮುಂದೆ ಹಿಡಿದ. "ತುಳಿದು ಹುಡುಕಿದ್ರು ಬೇ. ನಾನ ಹೇಳೀನಿ ತುಳೀರಿ ಅಂತ. ಇದು ಇನ್ನು ಪೂಜಿಗೆ ಬರತೈತೋ ಇಲ್ಲೋ ನೀ ಹೇಳು. ಇಲ್ಲಾಂದ್ರ ಕುರುಗೋಡಿಗೆ ಹೋಗಿ ಅಯ್ಯನೋರನ್ನ ಕೇಳ್ತೀನಿ."

ಅಜ್ಜಿ ಬಹಳ ಹೊತ್ತು ಆ ಗಂಟನ್ನು ತಿರುಗಿಸಿ ನೋಡಿದಳು.

"ನೀ ಕೂಸಿದ್ದಾಗ ಮೊಲಿ ಕುಡಿತಾ ಕುಡಿತಾ ನನ್ನ ಕೊಳ್ಳಾಗಿನ ಲಿಂಗಕ್ಕ ಎಷ್ಟು ಸಲ ಒದ್ದೀಯೋ, ನನಗ ನೆನಪೈತಿ. ಅದನ್ನೇನು ಒಗದುಬಿಟ್ಟೆನಾ? ನಿನ್ನ ಒಗದೆನಾ?" ಎಂದಳು. "ಕಾಲು ತೊಳಕೊಂಡ್ರು ಅಂದಿಯಲ್ಲ. ಕೆಸರಿಗೆ ಇಳಿಯೋ ಮುಂದ ಯಾರು ಕಾಲು ತೊಳಕೊಂತಾರ? ಅಯ್ಯನೋರನ್ನ ಏನು ಕೇಳ್ತಿ? ಈ ಕಡಿ ತಿರುಗಿ ಕೂಡು."

ಮಾವ ತಿರುಗಿ ಕೂತ. ಪೂಜೆ ಮುಗಿಯುವತನಕ ಅಜ್ಜಿ ಏಳಲಿಲ್ಲ. ಆಮೇಲೆ ಕೇಳಿದಳು, "ಎಷ್ಟು ಹೊತ್ತು ಉಪವಾಸ ಇದ್ದಿ?"

"ಮೂರು ಹೊತ್ತು."

"ಆಕಿಗೆ ಕಾಗದ ಬರಿ. ತುಳಿದಾಕಿಗೆ. ಸಿರುಗುಪ್ಪದ ಚನ್ನವೀರಮ್ಮ ನಿನ್ನ ಕಾಲಿಗೆ ಶರಣು ಮಾಡ್ಯಾಳ ಅಂತ ಬರಿ."

"ಅಷ್ಟು ದೊಡ್ಡಾಕಿ ಅಲ್ಲ ಬೇ ಆಕಿ. ನನಗಿಂತ ಸಣ್ಣಾಕಿ. ದಿನಾ ಮೀನ ತೋರಿಸಿ ಕಾಡತಿದ್ಲು."

"ಬರಿ ಅಂದ್ರ ಬರಿ."

ಬರೆದ. ಉಳಿದ ವರ್ಷಗಳನ್ನು ಮಾವ ಅದೇ ಸೈಕಲ್ಲು, ಅದೇ ಡಬ್ಬಿಗಳ ಜೊತೆ ಕಳೆದ. ನೀರು ನಿಲ್ಲಿಸಿ, ಉಪ್ಪು ಕರಗಿಸಿ, ಬಸಿಗಾಲುವೆಯಿಂದ ಹೊರಗೆ ಹಾಯಿಸುವುದನ್ನು ರಾರಾವಿಯ ಹೊಲಹೊಲದಲ್ಲಿ ನಿಂತು ಕಲಿಸಿದ. ಹೆಣ್ಣುಮಕ್ಕಳು ನಾಟಿಗೆ ಬಂದಾಗ ಮಾತ್ರ ಬದುವಿನ ಮೇಲೆ ಸೈಕಲ್ ನಿಲ್ಲಿಸಿ, ಅವರು ಗದ್ದೆಯಿಂದ ಮೇಲೆ ಹತ್ತುವತನಕ ಗೌರವದಿಂದ ಕಾಯುತ್ತಿದ್ದ. ಯಾಕೆಂದು ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತು.

ಕಾಗದಕ್ಕೆ ಉತ್ತರ ಬಂದದ್ದು ನಾಲ್ಕು ತಿಂಗಳಿಗೆ. ಪಿಲಾರ್ ಬರೆದಿದ್ದಳು. ಮಾವ ಅದನ್ನು ಒಲೆಯ ಮುಂದೆ ಕೂತ ಅಜ್ಜಿಗೆ ಕನ್ನಡ ಮಾಡಿ ಓದಿ ಹೇಳಿದ. ಗದ್ದೆ ಚೆನ್ನಾಗಿದೆ. ಗಂಡ ಹಡಗಿನಿಂದ ಬಂದು ಹೋದ. ನಿನ್ನ ತಾಯಿಯ ಕಾಗದವನ್ನು ಚರ್ಚಿನ ಅಂಗಳದಲ್ಲಿ ಎಲ್ಲರ ಮುಂದೆ ಓದಿದೆವು. ಅಂದಿನಿಂದ ನೇನಾಳ ಕಾಟ ತಡೆಯಲಾಗುತ್ತಿಲ್ಲ. ಚಿಪ್ಪು ಆಯಲು ಕರೆದರೆ ಬರುವುದಿಲ್ಲ. ಕಾಲು ಮುಂದೆ ಚಾಚಿ ಕೂತು, ಇಂಡಿಯಾದ ಒಬ್ಬ ತಾಯಿ ಕೈಮುಗಿದ ಕಾಲು ಇದು, ಕೆಸರಿಗೆ ಹೇಗೆ ಇಡಲಿ ಎನ್ನುತ್ತಾಳೆ. ನಿನ್ನ ತಾಯಿಯೇ ಬುದ್ಧಿ ಹೇಳಿ ಬರೆಸಬೇಕು.

ಅಜ್ಜಿ ಸೆರಗಿನಿಂದ ಕಣ್ಣು ಒರೆಸಿಕೊಳ್ಳುವಷ್ಟು ನಕ್ಕಳು.

"ಏನಂತ ಬರೀಲಿ ಬೇ?" ಎಂದು ಮಾವ ಕೇಳಿದ.

"ಏನೂ ಬರೀಬ್ಯಾಡ," ಎಂದಳು ಅಜ್ಜಿ. "ಕೂತಿರಲಿ ಬಿಡು. ಆಕಿಗೆ ಒಪ್ಪತೈತಿ."