ಸಿದರಾಯನ ವನ್ಸ್ ಮೋರ್

ಹುನ್ನೂರಿನ ಸಿದರಾಯನಿಗೆ ಕುಡಿಯುವ ಚಟವಿರಲಿಲ್ಲ, ಇಸ್ಪೀಟಿನ ಚಟವೂ ಇರಲಿಲ್ಲ. ಇದ್ದಿದ್ದರೇ ಪಾಡಿತ್ತು ಎಂದು ಅವನ ಹೆಂಡತಿ ಮಾದೇವಿ ಬಾವಿಕಟ್ಟೆಯ ಮೇಲೆ ಎಷ್ಟೋ ಸಲ ಅಂದಿದ್ದಳು. ಕುಡುಕ ಮನೆಗೆ ಬಂದರೆ ಬಿದ್ದು ಮಲಗುತ್ತಾನೆ. ನಾಟಕ ನೋಡಿ ಬಂದವನು ಮಲಗುವುದಿಲ್ಲ, ಮಲಗಿದವರನ್ನೂ ಎಬ್ಬಿಸಿ ಕೂರಿಸಿ ಕತೆ ಹೇಳುತ್ತಾನೆ.

ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದ ಹೊಸತು. ರಾಜರು ಹೋದರೂ ನಾಟಕ ಕಂಪನಿಗಳು ಹೋಗಿರಲಿಲ್ಲ. ಜಮಖಂಡಿಗೆ ಮರಾಠಿ ಸಂಗೀತ ನಾಟಕ ಬರಲಿ, ಬನಹಟ್ಟಿಯಲ್ಲಿ ಕನ್ನಡ ಕಂಪನಿ ತಗಡಿನ ಥೇಟರು ಹಾಕಲಿ, ಮುಧೋಳಕ್ಕೆ ತಂಬುವಿನ ಟಾಕೀಜು ಬರಲಿ, ಸಿದರಾಯ ಕುರಿಗಳನ್ನು ದೊಡ್ಡಿಗೆ ಕೂಡಿ, ಹೆಗಲಿಗೆ ಕಂಬಳಿ ಒಗೆದುಕೊಂಡು ನಡೆದೇಬಿಡುತ್ತಿದ್ದ.

ಸಿನಿಮಾದಲ್ಲಿ ಅವನ ರುಚಿಯೇ ಬೇರೆ. ದೇವರ ಚಿತ್ರ ಬಂದರೆ ಊರಿಗೆ ಊರೇ ಚಕ್ಕಡಿ ಕಟ್ಟಿಕೊಂಡು ಹೋಗುತ್ತಿತ್ತು, ಪರದೆಗೆ ಕಾಯಿ ಒಡೆದು ಬರುತ್ತಿತ್ತು. ಸಿದರಾಯ ಹೋಗುತ್ತಿದ್ದುದು ನಡುನಡುವೆ ಬಂದು ಹೇಳಹೆಸರಿಲ್ಲದೆ ಹೋಗುವ ನಗೆಯ ಚಿತ್ರಗಳಿಗೆ. ಅವುಗಳಲ್ಲಿ ಕೆಲಸ ಮಾಡಿದವರು ಯಾರೆಂದು ಟಿಕೆಟ್ಟು ಹರಿಯುವವನಿಗೂ ಗೊತ್ತಿರುತ್ತಿರಲಿಲ್ಲ. ಮಾತು ಹಿಂದಿ, ಸಿದರಾಯನಿಗೆ ಹಿಂದಿ ಬಾರದು. ಆದರೇನು? ಡೊಳ್ಳುಹೊಟ್ಟೆಯ ಸಾಹುಕಾರನೊಬ್ಬ ಬಾಗಿಲೆಂದು ತಿಳಿದು ಕಪಾಟಿನೊಳಗೆ ಹೊಕ್ಕರೆ ಅದಕ್ಕೆ ಯಾವ ಭಾಷೆ ಬೇಕು? ಬಣಗುಡುವ ತಂಬುವಿನಲ್ಲಿ ಒಬ್ಬನೇ ಹೊಟ್ಟೆ ಹಿಡಿದುಕೊಂಡು ಉರುಳಾಡುತ್ತಿದ್ದ. ಮರುದಿನ ಮಾದೇವಿ ರೊಟ್ಟಿ ಬಡಿಯುವಾಗ ಒಲೆಯ ಮುಂದೆ ಕುಳಿತು ಅದನ್ನೇ ಹೇಳತೊಡಗುತ್ತಿದ್ದ. ಕತೆ ಕಪಾಟಿನ ಹತ್ತಿರ ಬರುವಷ್ಟರಲ್ಲಿ ನಗು ಒತ್ತರಿಸಿ ಬಂದು ಮಾತು ನಿಂತುಹೋಗುತ್ತಿತ್ತು. "ಆಮ್ಯಾಲೇನಾತು?" ಎಂದು ಅವಳು ಕೇಳಿದರೆ ಇವನ ಕಣ್ಣಲ್ಲಿ ನೀರು. ಆ ಸಾಹುಕಾರ ಕಪಾಟಿನಿಂದ ಹೊರಗೆ ಬಂದನೋ ಇಲ್ಲವೋ, ಮಾದೇವಿಗೆ ಕಡೆಗೂ ಗೊತ್ತಾಗಲಿಲ್ಲ.

ನಾಟಕದಲ್ಲಿ ಮಾತ್ರ ಅವನು ನ್ಯಾಯಾಧೀಶ. ಹಾಡು ಮನಸ್ಸಿಗೆ ಬಂದರೆ ಎದ್ದು ನಿಂತು "ವನ್ಸ್ ಮೋರ್!" ಎಂದು ಕೂಗುವುದು ಆಗಿನ ರೂಢಿ. ಕೂಗಿದರೆ ನಟ ಆ ಹಾಡನ್ನು ಮತ್ತೆ ಹಾಡಲೇಬೇಕು. ಕುರಿ ಕಾಯ್ದು, ಈ ಗುಡ್ಡದಿಂದ ಆ ಗುಡ್ಡಕ್ಕೆ ಕೂಗಿ ಪಳಗಿದ ಗಂಟಲು ಸಿದರಾಯನದು. ಆದರೆ ಒಪ್ಪದ ಹಾಡಿಗೆ ಆ ಗಂಟಲಿನಿಂದ ಏನೂ ಹೊರಡುತ್ತಿರಲಿಲ್ಲ. ಒಮ್ಮೆ ಬನಹಟ್ಟಿಯಲ್ಲಿ ಕಂಪನಿಯ ಮಾಲೀಕರು ತಮ್ಮ ಅಳಿಯನ ಹಾಡಿಗೆ ಕೂಗಲೆಂದು ಪುಕ್ಕಟೆ ಪಾಸು ಕೊಟ್ಟು ಅವನನ್ನು ಖುರ್ಚಿಯ ಮೇಲೆ ಕೂರಿಸಿದರು. ಅಳಿಯ ಹಾಡಿದ. ಸಿದರಾಯ ಪಾಸನ್ನು ಮರಳಿ ಕೊಟ್ಟು ನೆಲದ ಮೇಲೆ ಹೋಗಿ ಕುಳಿತ. ಇಂಥ ಖಡಾಖಂಡಿ ಮನುಷ್ಯ ಸಂಸಾರಕ್ಕೆ ಒಗ್ಗುವುದು ಕಷ್ಟ.

ಮಾದೇವಿಯ ತಂದೆ ಹೊಳೆಪ್ಪ ಬೀಳಗಿಯಲ್ಲಿ ತೀರಿಕೊಂಡಾಗ ಆಗಬಾರದ್ದು ಆಯಿತು. ಹೆಣವನ್ನು ಗೋಡೆಗೆ ಆನಿಸಿ ಕೂರಿಸಿ, ಹಣೆಗೆ ಭಂಡಾರ ಹಚ್ಚಿದ್ದರು. ಅತ್ತೆ ಯಲ್ಲಕ್ಕ ಎದುರಿಗೆ ಕುಳಿತು ಹಾಡಿಕೊಂಡು ಅಳತೊಡಗಿದಳು. ಆ ಸೀಮೆಯಲ್ಲಿ ಯಾರ ಮನೆಯಲ್ಲಿ ಸಾವಾದರೂ ಹಾಡಿ ಅಳಲು ಅವಳನ್ನೇ ಕರೆಯುತ್ತಿದ್ದರು. ಅವತ್ತು ಸತ್ತವನು ಅವಳ ಗಂಡನೇ.

"ಸಂತಿಗಿ ಹೊಂಟವ್ರು ಚೀಲಾ ಮರೀತಾರೇನೋ ನನ ದೊರಿಯೇ,
ಕಂಬಳಿ ಗೂಟಕ್ಕ ಬಿಟ್ಟ ಹೋದೆಲ್ಲೋ, ಚಳಿ ಹತ್ತಂಗಿಲ್ಲೇನೋ..."

ಗಂಡಸರ ನಡುವೆ ಕಣ್ಣು ಮುಚ್ಚಿ ಕುಳಿತಿದ್ದ ಸಿದರಾಯನಿಗೆ ಮೈ ಝುಮ್ಮೆಂದಿತು. ಎದ್ದು ನಿಂತ.

"ವನ್ಸ್ ಮೋರ್!"

ಅಳು ಗಕ್ಕನೆ ನಿಂತಿತು. ಹೊಳೆಪ್ಪನೊಬ್ಬನನ್ನು ಬಿಟ್ಟು ಉಳಿದವರೆಲ್ಲ ಇವನ ಕಡೆ ತಿರುಗಿ ನೋಡಿದರು. ಮಾದೇವಿಯ ಅಣ್ಣ ಹುಲೆಪ್ಪ ಬಡಿಗೆ ಹುಡುಕಿದ. ಮಾದೇವಿ ಮಾತ್ರ ಕೂಗಾಡಲಿಲ್ಲ. "ಮಣ್ಣ ಕೊಟ್ಟ ಮ್ಯಾಲ ಒಬ್ಬಾವನ ಹೋಗು. ನಾ ಇನ್ನ ನಿನ್ನ ಮನೀ ಹೊಸ್ತಲಾ ತುಳ್ಯಾಂಗಿಲ್ಲ" ಎಂದಳು.

ಎಲ್ಲ ಕಾರ್ಯ ಮುಗಿದರೂ ಅವಳು ಬರಲಿಲ್ಲ. ಸಿದರಾಯ ತಾನೇ ರೊಟ್ಟಿ ಬಡಿದ. ಅವು ನಾಯಿಗೂ ಸೇರಲಿಲ್ಲ. ಮುಧೋಳದ ತಂಬುವಿಗೆ ಹೊಸ ನಗೆಯ ಚಿತ್ರ ಬಂದಿದೆ ಎಂದು ಹೋಗಿ ಕುಳಿತ. ಪರದೆಯ ಮೇಲೆ ಯಾರೋ ಬಿದ್ದರು, ಎದ್ದರು, ಇವನಿಗೆ ನಗು ಬರಲಿಲ್ಲ. ನಾಳೆ ಒಲೆಯ ಮುಂದೆ ಕೇಳುವವಳೇ ಇಲ್ಲದ ಮೇಲೆ ಇದನ್ನೆಲ್ಲ ನೋಡಿ ಏನು ಮಾಡುವುದು? ಮಾದೇವಿ ಬಾರದಿದ್ದರೆ ತನ್ನ ಬದುಕು ಮುಗಿದಂತೆಯೇ ಎಂದು ಅವನಿಗೆ ಆ ತಂಬುವಿನಲ್ಲಿ ಅನ್ನಿಸಿತು, ದುಃಖವಾಯಿತು. ಅರ್ಧಕ್ಕೇ ಎದ್ದು ಬಂದ.

ಕೊನೆಗೆ ಅವನ ಕಾಕಾ ಗಿರಿಮಲ್ಲಪ್ಪ ರಾಜಿ ಮಾಡಿಸಲು ಜೊತೆಗೆ ಹೊರಟ. ಬೀಳಗಿಯ ಬಸ್ಸಿನಲ್ಲಿ ತಾಲೀಮು ನಡೆಯಿತು.

"ಜೊಂಪ ಹತ್ತಿತ್ತರಿ, ಕನಸಿನ್ಯಾಗ ನಾಟಕ ಬಿದ್ದಿತ್ತು, ಬಾಯಿ ಜಾರಿತು. ಇಷ್ಟ ಅನ್ನು. ಮುಂದಿಂದು ನಾ ನೋಡ್ಕೋತೀನಿ."

"ಖರೆ ಹೇಳಿದರ ಏನಕ್ಕೈತಿ, ಕಾಕಾ?"

"ಖರೆ ಹೇಳಿದರ ಸಾಯೂತನಕ ರೊಟ್ಟಿ ನೀನ ಬಡೀತಿ."

ಇಷ್ಟು ವರ್ಷ ನಾಟಕ ನೋಡಿದವನಿಗೆ ಮೊದಲ ಸಲ ಪಾರ್ಟು ಸಿಕ್ಕಿತ್ತು. ಸಿದರಾಯ ತುಟಿ ಆಡಿಸುತ್ತ ಬಾಯಿಪಾಠ ಮಾಡಿಕೊಂಡ.

ಯಲ್ಲಕ್ಕ ಪಡಸಾಲೆಯ ಕಂಬಕ್ಕೆ ಒರಗಿ ಕುಳಿತಿದ್ದಳು. ಹುಲೆಪ್ಪ ಬಾಗಿಲಲ್ಲಿ ಅಡ್ಡ ನಿಂತಿದ್ದ. ಮಾದೇವಿ ಒಳಗಿನ ಬಾಗಿಲ ಹಿಂದೆ ಇದ್ದಳು, ಬಳೆ ಕೇಳಿಸುತ್ತಿತ್ತು. ಗಿರಿಮಲ್ಲಪ್ಪ ಕೆಮ್ಮಿ ಸನ್ನೆ ಮಾಡಿದ.

"ಅತ್ತಿ, ಅವತ್ತ ನನಗ ಜೊಂಪ ಹತ್ತಿತ್ತರಿ..." ಎಂದು ಸಿದರಾಯ ಶುರು ಮಾಡಿದ.

ಯಲ್ಲಕ್ಕನ ಮುಖ ಸಣ್ಣದಾಯಿತು. "ಹಂಗಾರ ನೀ ಕೇಳಲೇ ಇಲ್ಲೇನು?"

ಸಿದರಾಯ ಆ ಮುಖ ನೋಡಿದ. ಬಾಯಿಪಾಠವೆಲ್ಲ ಬಾಯಲ್ಲೇ ಉಳಿಯಿತು.

"ಕೇಳೇನ್ರಿ. ಎಚ್ಚರಿದ್ದೆ. ಕಂಬಳಿ ಗೂಟಕ್ಕ ಬಿಟ್ಟ ಹೋದಿ ಅಂದಾಗ ದನಿ ಇಳಿಸಿದ್ರಿ ನೋಡ್ರಿ, ಅಲ್ಲಿ ನಾ ನನ್ನ ಕೈಯಾಗ ಉಳೀಲಿಲ್ಲ. ಅಂಥಾ ಹಾಡು ನಾ ಯಾವ ಕಂಪನ್ಯಾಗೂ ಕೇಳಿಲ್ಲ, ಅತ್ತಿ."

ಗಿರಿಮಲ್ಲಪ್ಪ ಹಣೆ ಹಣೆ ಬಡಿದುಕೊಂಡ. ಹುಲೆಪ್ಪ ಒಂದು ಹೆಜ್ಜೆ ಮುಂದೆ ಬಂದ. ಯಲ್ಲಕ್ಕ ಕೈಯೆತ್ತಿ ಮಗನನ್ನು ತಡೆದಳು.

"ಸುತ್ತಾ ಹಳ್ಳಿಯಾಗ ಎಷ್ಟ ಮಂದೀನ ಹಾಡಿ ಕಳಿಸೀನೋ ಲೆಕ್ಕಿಲ್ಲ. ಅಳಾಕ ಕರೀತಾರ, ಅತ್ತ ಬರ್ತೀನಿ. ಯಲ್ಲಕ್ಕಾ, ಛಲೋ ಹಾಡಿದಿ ಅಂತ ಯಾವನರೆ ಅಂದಾನೇನು? ಸತ್ತವ್ರ ಮನ್ಯಾಗ ಹಂಗ ಅನಬಾರದಂತ."

ಸೆರಗಿನಿಂದ ಮೂಗು ಒರೆಸಿಕೊಂಡಳು. ಸಿದರಾಯ ಅಲ್ಲಿಗೆ ಸುಮ್ಮನಿದ್ದರೆ ಕೆಲಸ ಮುಗಿಯುತ್ತಿತ್ತು. ಅವನಿಗೆ ಸುಮ್ಮನಿರಲು ಬರುತ್ತಿರಲಿಲ್ಲ.

"ಆದರ ಕಡೀಕ ಹಾಡು ಕಡದಂಗ ಆತ್ರಿ."

"ಕಡದಾಂವ ನೀನ ಅಲ್ಲೇನೋ ಭಾಡ್ಯಾ! ಇನ್ನೂ ಎರಡು ಸಾಲ ಇದ್ದುವು. ನನ್ನ ಗಂಡ ಅದನ್ನ ಕೇಳದ ಹೋದ."

ಸಿದರಾಯ ತಲೆ ತಗ್ಗಿಸಿದ. ತಾನು ಮಾಡಿದ್ದು ಏನೆಂದು ಅವನಿಗೆ ಈಗ ಗೊತ್ತಾಯಿತು. ಯಲ್ಲಕ್ಕ ಯಾರನ್ನೂ ಕೇಳಲಿಲ್ಲ. ಕಣ್ಣು ಮುಚ್ಚಿ, ಗಂಡ ಕೂರುತ್ತಿದ್ದ ಮೂಲೆಗೆ ಮುಖ ಮಾಡಿ ಹಾಡಿದಳು.

"ಹೋಗೂದ ಹೋದಿ, ಹಾದಿ ಹೇಳಿ ಹೋಗಲಿಲ್ಲೋ ನನ ದೊರಿಯೇ,
ಹಿಂದ ಬರಾಕಿಗಿ ಒಂದ ಗುರುತ ಇಡಲಿಲ್ಲೋ..."

ಹುಲೆಪ್ಪ ಬಾಗಿಲ ಚೌಕಟ್ಟು ಹಿಡಿದುಕೊಂಡು ಬಿಕ್ಕಿದ. ಒಳಗೆ ಮಾದೇವಿ ಅಳುವುದು ಕೇಳಿಸಿತು. ಸಿದರಾಯ ಕಂಬಳಿಯ ತುದಿಯನ್ನು ಬಾಯಿಗೆ ಒತ್ತಿಕೊಂಡು ಕುಳಿತೇ ಅತ್ತ.

ಬಹಳ ಹೊತ್ತಿನ ಮೇಲೆ ಯಲ್ಲಕ್ಕ ಒಳಕ್ಕೆ ಕೂಗಿದಳು: "ಮಾದೇವಿ, ಗಂಟ ಕಟ್ಟಬೇ. ಇವನ ಕೂಡ ಹೋಗು. ನಾ ಸತ್ತ ದಿನಾ ಅಳಾಕ ನೀವೆಲ್ಲಾ ಅದೀರಿ. ಕೇಳಾಕ ಒಬ್ಬಾವರೆ ಬೇಕಲ್ಲ."

ಗಿರಿಮಲ್ಲಪ್ಪ ಬಸ್ಸು ಹಿಡಿಯಲು ಮುಂದೆ ಓಡಿದ್ದ. ಗಂಡ ಹೆಂಡತಿ ಹಿಂದೆ ಹಿಂದೆ ನಡೆದರು. ಓಣಿಯ ತಿರುವಿನಲ್ಲಿ ಮಾದೇವಿ ನಿಂತಳು.

"ಅವ್ವನ್ನ ನಾನ ಹಾಡಿ ಅಳಬೇಕು. ಅವಾಗರೆ ಬಾಯಿ ಮುಚ್ಚಿಕೊಂಡ ಕುಂಡ್ರತೀಯೇನು?"

ಸಿದರಾಯ ಪ್ರಾಮಾಣಿಕವಾಗಿ ಯೋಚಿಸಿದ. "ಅದು ನೀ ಹೆಂಗ ಹಾಡ್ತಿ ಅನ್ನೂದರ ಮ್ಯಾಲ ಐತಿ" ಎಂದ.

ಮಾದೇವಿ ಗಂಟನ್ನು ಅವನ ತಲೆಯ ಮೇಲೆ ಹೊರಿಸಿ ಮುಂದೆ ನಡೆದಳು.